ಕುಂಡ ಕಳೆದು ತೂಕ

ನನ್ನ ಚಿಕ್ಕಪ್ಪನನ್ನು ಊರೆಲ್ಲ ‘ಸೊನ್ನೆ’ ಎಂದೇ ಕರೆಯುತ್ತದೆ. ಬೈಗುಳ ಅಂದುಕೊಳ್ಳಬೇಡಿ. ತಕ್ಕಡಿ ರಿಪೇರಿ ಅವನ ಕಸುಬು. ಮೂವತ್ತೆಂಟು ವರ್ಷದಿಂದ ಯಾವ ಅಂಗಡಿಯ ತಕ್ಕಡಿಯ ಮುಂದೆ ನಿಂತರೂ ಅವನ ಬಾಯಿಂದ ಮೊದಲು ಬರುವ ಮಾತು ಒಂದೇ: “ಮೊದ್ಲು ಸೊನ್ನೆಗೆ ತನ್ನಿ.” ಖಾಲಿ ತಕ್ಕಡಿ ಸೊನ್ನೆ ತೋರಿಸಬೇಕು. ಪಾತ್ರೆ ಇಟ್ಟರೆ ಪಾತ್ರೆಯ ತೂಕ ಕಳೆದು ಮತ್ತೆ ಸೊನ್ನೆಗೆ ತರಬೇಕು. ಸಾಮಾನು ಆಮೇಲೆ. ಒಮ್ಮೆ ಮಾಂಸದ ಅಂಗಡಿಯವನು ಕಾಗದದ ಸಮೇತ ತೂಗಿದನೆಂದು ಮುಕ್ಕಾಲು ಗಂಟೆ ಜಗಳ ಕಾಯ್ದ. ಕಾಗದ ಐದು ಗ್ರಾಂ ಎಂದು ಅಲ್ಲೇ ತೂಗಿ ತೋರಿಸಿದ, ಆ ಐದು ಗ್ರಾಂ ಮಾಂಸ ಕೇಳಿ ಪಡೆದ, ಪಡೆದದ್ದನ್ನು ಬೀದಿ ಬೆಕ್ಕಿಗೆ ಹಾಕಿ ಮನೆಗೆ ಬಂದ. ಅಂಥ ಆಸಾಮಿಗೆ ಮದುವೆ ಆಗಲಿಲ್ಲ ಎಂದರೆ ಯಾರೂ ಆಶ್ಚರ್ಯಪಡುವುದಿಲ್ಲ.

ಅವನ ಅಂಗಡಿ ಅಂದರೆ ಎರಡಾಳು ಅಗಲದ ಒಂದು ಕೋಣೆ. ಗೋಡೆಗೆ ಕೊಕ್ಕೆ, ಕೊಕ್ಕೆಗೆ ತಕ್ಕಡಿಗಳು. ಬಾಗಿಲ ಪಕ್ಕದಲ್ಲಿ ಆಳನ್ನು ನಿಲ್ಲಿಸಿ ತೂಗುವ ದೊಡ್ಡ ಮೆಷಿನ್. ಮೇಜಿನ ಮೇಲೆ ಮರದ ಪೆಟ್ಟಿಗೆ. ಅದರಲ್ಲಿ ಕೊರೆದ ಕುಳಿಗಳಲ್ಲಿ ಕಬ್ಬಿಣದ ತೂಕದ ಕಲ್ಲುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿರುತ್ತವೆ. ಒಂದು ಕಲ್ಲು ಕುಳಿ ಬಿಟ್ಟು ಆಚೀಚೆ ಆದರೂ ಚಿಕ್ಕಪ್ಪನಿಗೆ ಊಟ ಸೇರದು. ಹಿಂದಿನ ಬೆಂಚಿನಲ್ಲಿ ಕೂತು ಬ್ಯಾಟರಿ ಮೆಷಿನ್‌ಗಳನ್ನು ಬಿಚ್ಚಿ ಜೋಡಿಸುವುದು ನನ್ನ ಕೆಲಸ. ಅವನ್ನು ಅವನು ನಂಬುವುದಿಲ್ಲ, ಆದ್ದರಿಂದ ನನ್ನನ್ನೂ ಅಷ್ಟಕ್ಕಷ್ಟೇ.

ಚಿಕ್ಕಪ್ಪ ಈ ಲೋಕದಲ್ಲಿ ಹೆದರುತ್ತಿದ್ದದ್ದು ಒಬ್ಬಳಿಗೇ, ಅವನ ಅಕ್ಕನಿಗೆ. ನನಗೆ ಅವಳು ಅತ್ತೆ. ಮೂವತ್ತು ವರ್ಷ ಶಿಶುವಿಹಾರದಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಆ ಮೂವತ್ತು ವರ್ಷದ ದೋಷವೇನೆಂದರೆ ಯಾರನ್ನು ಕಂಡರೂ ಅವಳಿಗೆ ಐದು ವರ್ಷದ ಮಗುವೇ ಕಾಣುತ್ತದೆ. ಬ್ಯಾಂಕ್ ಮ್ಯಾನೇಜರಿಗೆ “ಮೂಗು ಒರೆಸ್ಕೋ ಮರಿ” ಎಂದವಳು.

ಅವಳ ಗಂಡ, ನನ್ನ ಮಾವ, ಹೋದ ವರ್ಷ ಹೊಟ್ಟೆಯ ಕ್ಯಾನ್ಸರಿಗೆ ಸಿಕ್ಕರು. ರೋಗ ಒಂದು ಕಡೆ, ಔಷಧಿ ಇನ್ನೊಂದು ಕಡೆ. ಔಷಧಿ ಹಾಕಿಸಿಕೊಂಡು ಬಂದರೆ ವಾರವಿಡೀ ವಾಂತಿ. ಅನ್ನದ ವಾಸನೆ ಬಂದರೆ ಮುಖ ಗೋಡೆಗೆ ತಿರುಗಿಸುವರು. ಆಸ್ಪತ್ರೆಯಲ್ಲಿ ಒಬ್ಬ ನರ್ಸು ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಎರಡು ತಿಂಗಳಲ್ಲಿ ಅತ್ತೆಯ ಬಾಲ್ಕನಿಯ ದೊಡ್ಡ ಮಣ್ಣಿನ ಕುಂಡದಲ್ಲಿ ಗಾಂಜಾ ಗಿಡವೊಂದು ಎದ್ದು ನಿಂತಿತ್ತು. ಬೀಜ ಎಲ್ಲಿಂದ ಬಂತೆಂದು ಅವಳು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಚಿಟಿಕೆ ಎಲೆಯನ್ನು ಬೆಣ್ಣೆಯಲ್ಲಿ ಬಾಡಿಸಿ ಬ್ರೆಡ್ಡಿಗೆ ಸವರಿ ಕೊಡುವಳು. ಅರ್ಧ ಗಂಟೆಯಾದ ಮೇಲೆ ಮಾವ ಅಡುಗೆಮನೆ ಬಾಗಿಲಿಗೆ ಬಂದು, “ಏನೇ, ತಿನ್ನೋಕೆ ಏನಾದ್ರೂ ಇದೆಯಾ?” ಎನ್ನುವರು. ಆ ಒಂದು ಮಾತಿಗಾಗಿ ಅತ್ತೆ ಬಾಲ್ಕನಿಯಲ್ಲಿ ಕಾಡನ್ನೇ ಬೇಕಾದರೂ ಬೆಳೆಸುತ್ತಿದ್ದಳು.

ಚಿಕ್ಕಪ್ಪ ಪ್ರತಿ ಭಾನುವಾರ ಮಾವನನ್ನು ಅಂಗಡಿಯ ದೊಡ್ಡ ಮೆಷಿನ್ ಮೇಲೆ ನಿಲ್ಲಿಸಿ ತೂಗಿ, ಒಂದು ನೀಲಿ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಅಲ್ಲೂ ಅದೇ ಕಿರಿಕಿರಿ. “ಕೋಟು ಬಿಚ್ಚಿ ಭಾವ. ಚಪ್ಪಲಿ ಬಿಡಿ. ಬೀಗದ ಕೈ ಮೇಜಿನ ಮೇಲಿಡಿ.”

“ಹಲ್ಲಿನ ಸೆಟ್ಟೂ ಕಿತ್ತಿಡ್ಲೇನೋ ಸೊನ್ನೆ?”

“ಎಷ್ಟು ಗ್ರಾಂ ಇದೆ ಅದು?” ಎಂದು ಇವನು ನಿಜವಾಗಿಯೂ ಕೇಳುತ್ತಿದ್ದ. ಗಿಡ ಬಂದ ಮೇಲೆ ಪುಸ್ತಕದಲ್ಲಿ ಅಂಕಿ ಇಳಿಯುವುದು ನಿಂತಿತ್ತು. ಐವತ್ತೆರಡು ಕಿಲೋ ಇನ್ನೂರು ಗ್ರಾಮಿಗೆ ಮಾವ ಗಟ್ಟಿಯಾಗಿ ನಿಂತಿದ್ದರು.

ಎಡವಟ್ಟು ಮಾಡಿಕೊಂಡದ್ದು ಅತ್ತೆಯೇ. ಅವಳ ಮನೆಯ ಕೆಳಗೊಂದು ಹೆಂಡದಂಗಡಿ. ಸರ್ಕಾರದ ಅಪ್ಪಣೆ ಪಡೆದದ್ದು ಎಂದು ದಪ್ಪ ಅಕ್ಷರದ ಬೋರ್ಡಿದೆ. ಕುಡಿದವರು ಮೆಟ್ಟಿಲ ಮೇಲೆ ಅಡ್ಡ ಬಿದ್ದಿರುತ್ತಾರೆ, ಅವರನ್ನು ದಾಟಿಕೊಂಡೇ ಹಾಲು ತರಬೇಕು. ಒಂದು ದಿನ ರೇಗಿ ಠಾಣೆಗೇ ಹೋದಳು. ಇನ್ಸ್‌ಪೆಕ್ಟರು ಬೇಸರದಿಂದ, “ಲೈಸೆನ್ಸ್ ಇರೋ ಅಂಗಡಿ ಅಮ್ಮಾ, ನಾವೇನೂ ಮಾಡೋ ಹಾಗಿಲ್ಲ” ಎಂದರು.

“ಕೈ ಕಟ್ಕೊಂಡು ಸರಿಯಾಗಿ ಕೂತ್ಕೋ,” ಎಂದಳು ಅತ್ತೆ. “ನಮ್ಮನೇಲಿ ಒಂದು ಗಾಂಜಾ ಗಿಡ ಇದೆ. ನನ್ನ ಗಂಡ ಅದನ್ನ ತಿಂದು ಯಾರ ಮೆಟ್ಟಿಲ ಮೇಲೂ ಬಿದ್ದಿಲ್ಲ, ಯಾರ ತಲೆನೂ ಒಡೆದಿಲ್ಲ. ಎರಡು ಚಪಾತಿ ತಿಂದು ಮಲಗ್ತಾರೆ. ಹಿಡಿಯೋದಾದ್ರೆ ಬಾಟ್ಲಿಯವನನ್ನ ಹಿಡಿ!”

ಪೊಲೀಸ್ ಠಾಣೆಗೆ ತಾನೇ ನಡೆದು ಹೋಗಿ, ತನ್ನ ಗಿಡವನ್ನು ತಾನೇ ಹೊಗಳಿ, ವಿಳಾಸ ಬರೆಸಿ ಬಂದ ಅಪರಾಧಿ ನಮ್ಮ ಅತ್ತೆ ಒಬ್ಬಳೇ ಇರಬೇಕು. ಅವಳ ಗ್ರಹಚಾರಕ್ಕೆ ಆಗ ನಶೆ ನಿರ್ಮೂಲನ ಸಪ್ತಾಹ ನಡೆಯುತ್ತಿತ್ತು. ಪ್ರತಿ ಠಾಣೆಯೂ ಶನಿವಾರದೊಳಗೆ ಇಷ್ಟು ಕಿಲೋ ಹಿಡಿಯಲೇಬೇಕೆಂದು ಮೇಲಿನವರ ಹುಕುಂ. ಅವತ್ತು ಶುಕ್ರವಾರ. ಇನ್ಸ್‌ಪೆಕ್ಟರ ಕೈಯಲ್ಲಿ ಒಂದು ಗ್ರಾಮೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಬಂದರು. ಇಬ್ಬರು ಕುಂಡ ಹೊತ್ತರು, ಒಬ್ಬರು ಫೋಟೋ ತೆಗೆದರು. ಠಾಣೆಯಲ್ಲಿ ಅದನ್ನು ಕುಂಡದ ಸಮೇತ, ಮಣ್ಣಿನ ಸಮೇತ, ಅತ್ತೆ ಆಗಷ್ಟೇ ಹಾಕಿದ್ದ ಎರಡು ಚೊಂಬು ನೀರಿನ ಸಮೇತ ಮೆಷಿನ್ ಮೇಲಿಟ್ಟು, “ಗಾಂಜಾ, ಹತ್ತು ಕಿಲೋ ನಾನೂರು ಗ್ರಾಂ” ಎಂದು ಬರೆದರು. ಒಂದು ಕಿಲೋ ಒಳಗಿದ್ದರೆ ಬರೀ ದಂಡ. ಹತ್ತು ದಾಟಿದರೆ ಮಾರಾಟಕ್ಕೆ ಬೆಳೆದದ್ದು ಎಂದರ್ಥ, ಹತ್ತು ವರ್ಷ ಜೈಲು. ನೀರು ಹಾಕದೆ ಇದ್ದಿದ್ದರೆ ಹತ್ತರ ಒಳಗೇ ಉಳಿಯುತ್ತಿದ್ದಳೋ ಏನೋ. ಎರಡು ಚೊಂಬು ನೀರಿಗೆ ಅರವತ್ತೆಂಟರ ಹೆಂಗಸು ದೊಡ್ಡ ವ್ಯಾಪಾರಿಯಾಗಿಬಿಟ್ಟಳು.

ವಯಸ್ಸು ನೋಡಿ ಜಾಮೀನು ಕೊಟ್ಟರು. ಪ್ರತಿ ಸೋಮವಾರ ಠಾಣೆಗೆ ಬಂದು ಸಹಿ ಹಾಕಬೇಕು ಎಂದರು. ಅತ್ತೆ ಜೈಲಿಗೆ ಹೋದರೆ ಮಾವನಿಗೆ ತುತ್ತು ಕೊಡುವವರಾರು ಎಂದು ನಮಗೆಲ್ಲ ಅದೇ ಚಿಂತೆಯಾಗಿತ್ತು. ಚಿಕ್ಕಪ್ಪನಿಗೆ ಮಾತ್ರ ಎಲ್ಲಕ್ಕಿಂತ ಮೊದಲು ಉರಿದದ್ದು ಬೇರೆ.

“ಕುಂಡದ ಸಮೇತ ತೂಗಿದ್ದಾರೆ ಕಣೇ ಅಕ್ಕಾ! ಕುಂಡದ ಸಮೇತ! ಮಣ್ಣು ಗಾಂಜಾನಾ? ನೀರು ಗಾಂಜಾನಾ? ನಾನು ಮುದ್ರೆ ಹಾಕಿ ಕೊಟ್ಟ ಮೆಷಿನ್ ಮೇಲೆ!”

ಹೌದು, ಠಾಣೆಯ ಮೆಷಿನ್ನನ್ನು ವರ್ಷಕ್ಕೆರಡು ಸಲ ಪರೀಕ್ಷಿಸಿ ಮುದ್ರೆ ಹಾಕುವವನೂ ನಮ್ಮ ಚಿಕ್ಕಪ್ಪನೇ. ಅದು ನೆನಪಾದದ್ದೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. “ಚಿಕ್ಕಪ್ಪಾ, ಮುಂದಿನ ತಿಂಗಳು ನೀನೇ ಹೋಗ್ತೀಯಲ್ಲ. ಒಂದು ಸ್ಪ್ರಿಂಗು ಸ್ವಲ್ಪ ಸಡಿಲ ಮಾಡು. ಮೆಷಿನ್ನೇ ಅರ್ಧ ಕಿಲೋ ಜಾಸ್ತಿ ತೋರಿಸ್ತಿತ್ತು ಅಂತ ಆಗುತ್ತೆ. ಅತ್ತೆ ಹತ್ತರ ಒಳಗೆ ಬರ್ತಾಳೆ.”

ಅವನು ನನ್ನ ಕಡೆ ನೋಡಿದ ನೋಟ ನನ್ನ ಶತ್ರುವಿಗೂ ಬೇಡ. “ನನ್ನ ಕೈಯಿಂದ ಸುಳ್ಳು ತೂಕ ಬರಲ್ಲ. ಅಕ್ಕನಿಗಾದ್ರೂ ಅಷ್ಟೇ, ನನಗಾದ್ರೂ ಅಷ್ಟೇ” ಎಂದ. ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಕೂಡಹುಟ್ಟಿದವಳಿಗಿಂತ ಹೆಚ್ಚೇ ತಕ್ಕಡಿಯ ಆ ಕಬ್ಬಿಣದ ಮುಳ್ಳು ಎಂದು ನನಗೂ ರೋಷ ಉಕ್ಕಿತ್ತು. ಮೂರನೆಯ ದಿನ ಅವನೇ ಚಹಾ ತಂದಿಟ್ಟು ಗೊಣಗಿದ: “ಆ ಬಾಟ್ಲಿಗೆ ಮುದ್ರೆ ಹಾಕಿ ಮಾರ್ತಾರೆ, ಈ ಎಲೆಗೆ ಬೇಡಿ ಹಾಕ್ತಾರೆ. ಸರ್ಕಾರದ ತಕ್ಕಡಿನೇ ಸೊನ್ನೆಯಲ್ಲಿಲ್ಲ. ಅದನ್ನ ರಿಪೇರಿ ಮಾಡೋದು ಬಿಟ್ಟು ನನ್ನ ತಕ್ಕಡಿನ ಕೆಡಿಸು ಅಂತೀಯಲ್ಲ ನೀನು.”

ಈಗ ಠಾಣೆಯ ಹೆಡ್ ಕಾನ್‌ಸ್ಟೇಬಲ್ ವಿಚಾರ. ವಶಪಡಿಸಿಕೊಂಡ ಸಾಮಾನಿನ ಕೋಣೆ ಅವರ ಸುಪರ್ದಿಗೆ ಸೇರಿದ್ದು. ಪಿಂಚಣಿಗೆ ಇನ್ನೊಂದೇ ವರ್ಷ, ಹಾಗಾಗಿ ಗಾಳಿ ಬೀಸಿದರೂ ಬೆದರುವ ಮನುಷ್ಯ. ಆ ಕೋಣೆಯ ಗೋಡೆಯಲ್ಲಿ ಒಂದು ನಿಯಮ ತೂಗುಹಾಕಿದೆ: ‘ವಸ್ತುಗಳನ್ನು ವಶಪಡಿಸಿಕೊಂಡ ಸ್ಥಿತಿಯಲ್ಲೇ ಕಾಪಾಡತಕ್ಕದ್ದು.’ ಹಿಂದೊಮ್ಮೆ ಕಳವಿನ ಸೈಕಲ್ಲೊಂದನ್ನು ಕೋರ್ಟಿಗೆ ಒಯ್ದಾಗ ಅದರ ಚಕ್ರದಲ್ಲಿ ಗಾಳಿ ಇರಲಿಲ್ಲವೆಂದು ಎದುರು ವಕೀಲರು ದೊಡ್ಡ ರಾದ್ಧಾಂತ ಮಾಡಿ, ಇವರಿಗೆ ಮೆಮೋ ಬಂದಿತ್ತು. ಅಂದಿನಿಂದ ಪ್ರತಿ ಗುರುವಾರ ಕೋಣೆಯಲ್ಲಿರುವ ಕಳವಿನ ಸೈಕಲ್ಲುಗಳಿಗೆಲ್ಲ ಪಂಪು ಹೊಡೆಯುತ್ತಾರೆ. ಗಡಿಯಾರಗಳಿಗೆ ಕೀ ಕೊಡುತ್ತಾರೆ. ಅತ್ತೆಯ ಗಿಡದ ಚೀಟಿಯಲ್ಲಿ ‘ಹಸಿರಾಗಿದೆ, ಜೀವಂತವಿದೆ’ ಎಂದು ಬರೆದಿತ್ತು. ಹೆಡ್ ಅವರು ಅದನ್ನು ನಾಲ್ಕು ಸಲ ಓದಿ, ಒಂದು ಚೊಂಬು ತಂದರು.

ಸೋಮವಾರ ಸಹಿ ಹಾಕಲು ಹೋದ ಅತ್ತೆಯನ್ನು ಅವರು ಮೂಲೆಗೆ ಕರೆದರು. “ಟೀಚರಮ್ಮಾ, ಎಲೆ ಯಾಕೋ ಹಳದಿ ಆಗ್ತಿದೆ. ಏನ್ ಮಾಡ್ಲಿ?”

“ಕತ್ತಲೇಲಿ ಇಟ್ಟಿದ್ದೀಯಾ, ಹಳದಿ ಆಗದೆ ಕೆಂಪಾಗುತ್ತಾ? ಕಿಟಕಿ ಹತ್ರ ಇಡು, ಜಾಣ.”

ಇದನ್ನು ಅತ್ತೆ ಮನೆಗೆ ಬಂದು ಸಿಟ್ಟಿನಿಂದಲೇ ಹೇಳಿದಳು. ಚಿಕ್ಕಪ್ಪ ಮಾತ್ರ ತಟ್ಟೆಯಲ್ಲಿ ಕೈ ಹಾಗೇ ನಿಲ್ಲಿಸಿದ. ಆಮೇಲೆ ನಕ್ಕ. ಅವನು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿದ್ದು ಬೆಕ್ಕು ಮಾಂಸ ತಿಂದಾಗ.

ಮೆಷಿನ್ ಪರೀಕ್ಷೆಗೆ ಹೋದ ದಿನ ನನ್ನನ್ನೂ ಕರೆದುಕೊಂಡು ಹೋದ. ಗಿಡ ಆಗಲೇ ಹೆಡ್ ಅವರ ಎದೆಮಟ್ಟಕ್ಕೆ ಬಂದಿತ್ತು. ಕಿಟಕಿಯ ಸರಳುಗಳಿಂದ ಒಂದು ಕೊಂಬೆ ಹೊರಗೆ ಇಣುಕುತ್ತಿತ್ತು. ಚಿಕ್ಕಪ್ಪ ಕಲ್ಲುಗಳನ್ನು ಒಂದೊಂದಾಗಿ ಇಟ್ಟು ಮೆಷಿನ್ ನೋಡಿದ. ಕೂದಲೆಳೆಯಷ್ಟೂ ತಪ್ಪಿಲ್ಲ. ಮುದ್ರೆ ಹಾಕಿದ. ಹೊರಡುವಾಗ ಬಾಗಿಲಲ್ಲಿ ನಿಂತು ಬಲು ಮುಗ್ಧನಂತೆ ಕೇಳಿದ: “ಏನ್ ಸಾರ್, ಇದು ಒಣಗಿಹೋದ್ರೆ ನಿಮಗೆ ತೊಂದ್ರೆ ಆಗುತ್ತಾ?”

“ಅಯ್ಯೋ, ಪಿಂಚಣಿಗೇ ಕುತ್ತು!”

“ಹಾಗಾದ್ರೆ ಸ್ವಲ್ಪ ಗೊಬ್ಬರ ಹಾಕಿ.”

ಹಾಕಿದರು ಪುಣ್ಯಾತ್ಮರು. ಠಾಣೆಯ ಹಿಂದಿನ ಕುದುರೆ ಲಾಯದಿಂದ ಬುಟ್ಟಿಯಲ್ಲಿ ತಂದು ಹಾಕಿದರು.

ಐದು ತಿಂಗಳ ಮೇಲೆ ಕೇಸು ಬಂತು. ಅಷ್ಟರಲ್ಲಿ ಮಾವನ ತುತ್ತು ಮತ್ತೆ ನಿಂತುಹೋಗಿತ್ತು. ಭಾನುವಾರಗಳಲ್ಲಿ ನೀಲಿ ಪುಸ್ತಕಕ್ಕೆ ಅಂಕಿ ಬರೆಯುವಾಗ ಚಿಕ್ಕಪ್ಪ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅತ್ತೆ ಹೊಸ ಬೀಜ ಹಾಕುವಂತಿರಲಿಲ್ಲ. ವಾರಕ್ಕೊಮ್ಮೆ ಪೊಲೀಸರು ಬಂದು ಬಾಲ್ಕನಿಯಲ್ಲಿ ಇಣುಕಿ ಹೋಗುತ್ತಿದ್ದರು. ಮೆಟ್ಟಿಲ ಮೇಲೆ ಬಿದ್ದವರನ್ನು ಮಾತ್ರ ಜೋಪಾನವಾಗಿ ದಾಟಿಕೊಂಡು ಹೋಗುತ್ತಿದ್ದರು.

ಕೋರ್ಟಿನಲ್ಲಿ ಚಿಕ್ಕಪ್ಪನನ್ನು ಸಾಕ್ಷಿಗೆ ಕರೆದದ್ದು ಸರ್ಕಾರದ ವಕೀಲರೇ. ಠಾಣೆಯ ಮೆಷಿನ್ ಸರಿಯಿದೆ ಎಂದು ಹೇಳಿಸಬೇಕಾಗಿತ್ತು.

“ಮೆಷಿನ್ ಸರಿಯಿದೆಯೇ?”

“ಒಂದು ಗ್ರಾಂ ತಪ್ಪಿಲ್ಲ ಸ್ವಾಮಿ,” ಎಂದ ಚಿಕ್ಕಪ್ಪ. ಅತ್ತೆ ಕಟಕಟೆಯಿಂದ ಅವನನ್ನೇ ದುರುಗುಟ್ಟಿ ನೋಡಿದಳು. “ಬೇಕಾದ್ರೆ ಇಲ್ಲೇ ತೂಗಿ ನೋಡಬಹುದು. ಠಾಣೆಯ ಮೆಷಿನ್ನೇ ತಂದಿದ್ದೇನೆ.”

ನ್ಯಾಯಾಧೀಶರು ತಲೆಯಾಡಿಸಿದರು. ನಾಲ್ಕು ಜನ ಗಿಡ ಹೊತ್ತು ತಂದರು. ಬಾಗಿಲಿನ ಮೇಲಿನ ಚೌಕಟ್ಟಿಗೆ ತುದಿ ತಾಗುತ್ತದೆಂದು ಅದನ್ನು ಬಾಗಿಸಿ ಒಳಗೆ ತರಬೇಕಾಯಿತು. ಚಿಕ್ಕಪ್ಪ ಮೊದಲು ಸೊನ್ನೆಗೆ ತಂದ. ಆಮೇಲೆ ಇಟ್ಟ. ಆಮೇಲೆ ಗಟ್ಟಿಯಾಗಿ ಓದಿದ: “ಹನ್ನೆರಡು ಕಿಲೋ ಒಂಬೈನೂರು.”

ನ್ಯಾಯಾಧೀಶರು ಕಾಗದ ನೋಡಿದರು, ಗಿಡ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. “ಇದರಲ್ಲಿ ಹತ್ತು ಕಿಲೋ ನಾನೂರು ಎಂದಿದೆ. ಉಳಿದ ಎರಡೂವರೆ ಕಿಲೋ ಗಾಂಜಾ ಯಾರದು?”

ಹೆಡ್ ಅವರು ಎದ್ದು ಸಲ್ಯೂಟ್ ಹೊಡೆದರು. “ನನ್ನದು ಸ್ವಾಮಿ. ಅಂದ್ರೆ... ಹಿಡಿದಾಗ ಜೀವ ಇತ್ತು. ಜೀವ ಇರೋ ಹಾಗೇ ಕಾಪಾಡಿದ್ದೀನಿ. ಒಂದು ದಿನವೂ ನೀರು ತಪ್ಪಿಸಿಲ್ಲ.”

“ಅಂದರೆ ಪೊಲೀಸ್ ಠಾಣೆಯಲ್ಲಿ ಗಾಂಜಾ ಬೆಳೆದಿದ್ದೀರಿ.”

ಇನ್ಸ್‌ಪೆಕ್ಟರು ಹಾರಿ ನಿಂತರು. “ಇಲ್ಲ ಸ್ವಾಮಿ! ಅದರಲ್ಲಿ ಹೆಚ್ಚಿನದೆಲ್ಲ ಮಣ್ಣು, ನೀರು! ಕುದುರೆ ಲದ್ದಿ! ಅದು ಹೇಗೆ ಗಾಂಜಾ ಆಗುತ್ತೆ?”

ಮಾತು ಬಾಯಿ ಬಿಟ್ಟು ಹೊರಗೆ ಬಂದ ಮೇಲೆ ಅದರ ತೂಕ ಅವರಿಗೂ ತಿಳಿಯಿತು. ಮುಖ ಹುಳ್ಳಗಾಯಿತು. ನ್ಯಾಯಾಧೀಶರು ಮೆಲ್ಲಗೆ, “ಹಾಗಾದರೆ ಈ ಹೆಂಗಸಿನ ಹತ್ತು ಕಿಲೋ ನಾನೂರರಲ್ಲಿ ಮಣ್ಣು ಎಷ್ಟು?” ಎಂದರು.

“ಕುಂಡ ಕಳೆದು ತೂಗ್ಬೇಕು ಸ್ವಾಮಿ,” ಎಂದ ಚಿಕ್ಕಪ್ಪ. ಈ ಒಂದು ವಾಕ್ಯ ಹೇಳಲು ಐದು ತಿಂಗಳು ಕಾದಿದ್ದ.

ಕೋರ್ಟಿನ ನೆಲದ ಮೇಲೆ ಹಳೇ ಪೇಪರ್ ಹಾಸಿದರು. ಮಣ್ಣು ಬೇರೆ, ಬೇರು ಬೇರೆ, ಕಾಂಡ ಬೇರೆ. ಎಲೆ ಮತ್ತು ಹೂವು ಮಾತ್ರ ತೂಗಿದಾಗ ಮುನ್ನೂರ ನಲವತ್ತು ಗ್ರಾಂ. ಅದೂ ಸರ್ಕಾರದ ನೀರು, ಸರ್ಕಾರದ ಕುದುರೆಯ ಗೊಬ್ಬರ ತಿಂದು ಬೆಳೆದದ್ದು ಸೇರಿ. ಒಂದು ಕಿಲೋ ಎಲ್ಲಿ, ಅದೆಲ್ಲಿ. ಹಿಂದಿನ ಬೆಂಚಿನಲ್ಲಿದ್ದ ವಕೀಲರೆಲ್ಲ ಬಾಯಿಗೆ ಕಡತ ಅಡ್ಡ ಹಿಡಿದು ನಕ್ಕರು. ನಾನು ಅಡ್ಡ ಹಿಡಿಯಲೂ ಇಲ್ಲ.

“ನೀವು ಇದನ್ನು ಬೆಳೆದದ್ದು ಒಪ್ಪುತ್ತೀರಾ?” ಎಂದು ಅತ್ತೆಯನ್ನು ಕೇಳಿದರು.

“ಅರ್ಧ ಒಪ್ತೀನಿ. ಉಳಿದರ್ಧ ಆ ಹುಡುಗ ಬೆಳೆದದ್ದು,” ಎಂದು ಐವತ್ತೊಂಬತ್ತರ ಹೆಡ್ ಅವರ ಕಡೆ ಕೈ ತೋರಿಸಿದಳು. “ಚೆನ್ನಾಗಿ ಬೆಳೆಸಿದ್ದಾನೆ.”

ದಂಡ ಹಾಕಿ ಬಿಟ್ಟರು. ಏಳುವ ಮುಂಚೆ ಚಿಕ್ಕಪ್ಪ ಕೈ ಎತ್ತಿದ. “ಸ್ವಾಮಿ, ಇನ್ನೊಂದು ತೂಕ ಇದೆ. ಓದಬಹುದಾ?” ನೀಲಿ ಪುಸ್ತಕ ತೆರೆದ. “ಗಿಡ ಹಿಡಿದ ವಾರ ನನ್ನ ಭಾವ ಐವತ್ತೆರಡು ಕಿಲೋ ಇನ್ನೂರು. ಹೋದ ಭಾನುವಾರ ನಲವತ್ಮೂರು ಕಿಲೋ ಆರುನೂರು. ಕೋಟು ಕಳೆದು, ಚಪ್ಪಲಿ ಕಳೆದು. ನಿಮ್ಮ ಕೋಣೇಲಿ ಗಿಡ ಎರಡೂವರೆ ಕಿಲೋ ಏರಿತು, ನಮ್ಮನೇಲಿ ಮನುಷ್ಯ ಎಂಟು ಕಿಲೋ ಆರುನೂರು ಇಳಿದ. ಅದನ್ನ ಹಿಡಿದಿದ್ದು ಕಾನೂನು ಸ್ವಾಮಿ, ಗೊತ್ತು. ಇದಕ್ಕೆ ಯಾವ ಕಾನೂನಿನಲ್ಲಿ ಎಷ್ಟು ವರ್ಷ?”

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಆಮೇಲೆ, “ಅದು ನನ್ನ ಮೇಜಿಗೆ ಬರುವ ವಿಷಯ ಅಲ್ಲ” ಎಂದರು. ಗಿಡವನ್ನು ಸುಡಬೇಕು, ಕುಂಡವನ್ನು ಯಜಮಾನರಿಗೆ ಹಿಂತಿರುಗಿಸಬೇಕು ಎಂದು ಬರೆಸಿದರು.

ಎರಡು ವಾರ ಬಿಟ್ಟು ಹೆಡ್ ಅವರೇ ಕುಂಡ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದರು. ಮಣ್ಣನ್ನೂ ಚೊಕ್ಕವಾಗಿ ತುಂಬಿದ್ದರು. “ಸುಡೋದನ್ನ ಸುಟ್ಟಿದ್ದೀನಿ ಟೀಚರಮ್ಮಾ. ಮಣ್ಣು ನಿಮ್ಮದೇ, ಆರ್ಡರಲ್ಲಿ ಅದನ್ನ ಸುಡು ಅಂತ ಇಲ್ಲ. ಅದರೊಳಗೆ ಏನು ಉದುರಿದೆಯೋ ನನಗೆ ಗೊತ್ತಿಲ್ಲ.” ಮಾವನ ಕೋಣೆಯ ಬಾಗಿಲಲ್ಲಿ ಒಂದು ನಿಮಿಷ ನಿಂತರು. ಆಮೇಲೆ ಬಾಲ್ಕನಿಯಲ್ಲಿ ಯಾವ ಮೂಲೆಯಲ್ಲಿಟ್ಟರೆ ರಸ್ತೆಗೆ ಕಾಣುವುದಿಲ್ಲವೆಂದು ತಾವೇ ಕೆಳಗಿಳಿದು ನೋಡಿ ಬಂದು, ಅಲ್ಲಿಟ್ಟು ಹೋದರು.

ಮೊಳಕೆ ಬಂತು. ಎಲೆ ಬರಲು ಮತ್ತೆ ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಕಾಯುವ ಶಕ್ತಿ ಮಾವನಲ್ಲಿ ಎಲ್ಲಿತ್ತು? ಅತ್ತೆ ಮೊದಲ ಎಲೆಯನ್ನು ಬೆಣ್ಣೆಯಲ್ಲಿ ಬಾಡಿಸಿ ಕೊಟ್ಟ ವಾರ ಅವರು ನಲವತ್ತು ಕಿಲೋ ಒಂಬೈನೂರು. “ಈಗ ನೋಡ್ತಾ ಇರು, ಏರ್ತಾರೆ” ಎಂದು ಅತ್ತೆ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದಳು.

ಆ ಭಾನುವಾರ ಅತ್ತೆಯೂ ಜೊತೆಗೆ ಬಂದಳು. ಮಾವ ಮೇಜಿನ ಪಕ್ಕದ ಕುರ್ಚಿಯಲ್ಲಿ ಸುಧಾರಿಸಿಕೊಳ್ಳಲು ಕೂತರು. ಅತ್ತೆ ಬಾಗಿಲಲ್ಲಿ ನಿಂತು ಬೀದಿಯಲ್ಲಿ ಯಾರಿಗೋ ಚಪ್ಪಲಿ ಸರಿಯಾಗಿ ಹಾಕಿಕೊಳ್ಳಲು ಹೇಳುತ್ತಿದ್ದಳು. ಆಮೇಲೆ ಮಾವ ಮೆಲ್ಲಗೆ ಎದ್ದು ಮೆಷಿನ್ ಹತ್ತಿದರು.

“ಕೋಟು,” ಎಂದ ಚಿಕ್ಕಪ್ಪ ಅಭ್ಯಾಸದಂತೆ.

“ಚಳಿ ಕಣೋ ಸೊನ್ನೆ. ಇವತ್ತೊಂದಿನ ಇರ್ಲಿ.”

ಚಿಕ್ಕಪ್ಪ ತಲೆ ಎತ್ತಿದ. ಕೋಟಿನ ಎರಡು ಜೇಬುಗಳೂ ಭಾರಕ್ಕೆ ಕೆಳಗೆ ಜೋತು ಬಿದ್ದಿದ್ದವು. ನಾನು ಮರದ ಪೆಟ್ಟಿಗೆ ನೋಡಿದೆ. ಒಂದು ಕಿಲೋದ ಎರಡು ಕಲ್ಲುಗಳ ಕುಳಿ ಖಾಲಿ. ಚಿಕ್ಕಪ್ಪನೂ ನೋಡಿದ. ಮಾವ ಬಾಗಿಲ ಕಡೆಗೆ, ಅತ್ತೆಯ ಬೆನ್ನಿನ ಕಡೆಗೆ ಕಣ್ಣು ತೋರಿಸಿ, ತುಟಿಯ ಮೇಲೆ ಬೆರಳಿಟ್ಟರು. ಕಳ್ಳತನ ಮಾಡಿ ಸಿಕ್ಕಿಬಿದ್ದ ಹುಡುಗನ ನಗು ಆ ಮುಖದ ಮೇಲಿತ್ತು.

“ಎಷ್ಟೋ?” ಎಂದಳು ಅತ್ತೆ ಒಳಗೆ ಬಂದು.

ಚಿಕ್ಕಪ್ಪ ಮುಳ್ಳನ್ನೇ ನೋಡುತ್ತ ನಿಂತಿದ್ದ. ಎರಡು ಸಲ ಕೆಮ್ಮಿ ಓದಿದ: “ನಲವತ್ತೆರಡು ಕಿಲೋ ನಾನೂರು.”

“ಏರಿದೆ! ಒಂದೂವರೆ ಕಿಲೋ! ಹೇಳಿರ್ಲಿಲ್ವಾ ನಾನು?” ಅತ್ತೆ ಮಕ್ಕಳಿಗೆ ತಟ್ಟುವಂತೆ ಚಪ್ಪಾಳೆ ತಟ್ಟಿದಳು. ಕಣ್ಣು ಒರೆಸಿಕೊಂಡಳು. ಗಿಡಕ್ಕೆ ನೀರು ಹಾಕಿಲ್ಲವೆಂದು ಆಗಲೇ ಮನೆ ಕಡೆ ಓಡಿದಳು.

ಅವಳು ಹೋದ ಮೇಲೆ ಮಾವ ಎರಡು ಕಲ್ಲುಗಳನ್ನು ಜೇಬಿನಿಂದ ತೆಗೆದು, ಅದರದರ ಕುಳಿಯಲ್ಲಿ ಸರಿಯಾಗಿ ಇಟ್ಟರು. ಚಿಕ್ಕಪ್ಪ ನೀಲಿ ಪುಸ್ತಕ ತೆಗೆದು ತಾರೀಕು ಹಾಕಿ, ನಲವತ್ತೆರಡು ಕಿಲೋ ನಾನೂರು ಎಂದೇ ಬರೆದ.

ಆ ಪುಸ್ತಕ ಈಗ ನನ್ನ ಬಳಿ ಇದೆ. ಆ ಸಾಲಿನ ಕೆಳಗೆ ಇನ್ನೂ ಐದು ಭಾನುವಾರಗಳಿವೆ. ಐದರಲ್ಲೂ ಕೋಟು ಕಳೆದಿಲ್ಲ.